ಕಂಬಳಿಯ ಕೆಳಗಿನ ಮೀನು

ಆಗೆಲ್ಲ ಅವರೆಕಾಯಿ ಕಾಲ ಬಂತೆಂದರೆ ದೊಡ್ಡಬಳ್ಳಾಪುರದ ನಮ್ಮ ಬೀದಿಯಲ್ಲಿ ಮಗ್ಗದ ಎಣ್ಣೆಯ ವಾಸನೆಗೆ ಅವರೆಯ ಸೊಗಡೂ ಸೇರಿಕೊಳ್ಳುತ್ತಿತ್ತು. ಅಮ್ಮ ತೀರಿಕೊಂಡ ವರ್ಷ ಅಪ್ಪ ನನ್ನನ್ನು ಜಡಿಗೇನಹಳ್ಳಿಯಿಂದ ಅಲ್ಲಿಗೆ, ಸೋದರಮಾವನ ಮನೆಗೆ ತಂದು ಬಿಟ್ಟಿದ್ದರು. ಆರನೇ ಕ್ಲಾಸು. ಮನೆಯಲ್ಲಿ ಅತ್ತೆಯ ಜೊತೆ ಅಷ್ಟಿಷ್ಟು ಮಾತಾಡುತ್ತಿದ್ದೆ. ಶಾಲೆಯಲ್ಲಿ ಬಾಯೇ ಬರುತ್ತಿರಲಿಲ್ಲ. ಕುಂಟೆಬಿಲ್ಲೆ ಆಡುವಾಗಲೂ ತಲೆಯಾಡಿಸಿಯೇ ಮುಗಿಸುತ್ತಿದ್ದೆ. ಮಕ್ಕಳು ಮೂಗಿ ಅನ್ನುತ್ತಿದ್ದರು.

ವಿಜ್ಞಾನದ ವಸಂತಿ ಟೀಚರ್ ಕುಮಟಾ ಕಡೆಯವರು. ಸಮುದ್ರದ ಪಾಠ ಬಂದಾಗ ಪುಸ್ತಕ ಮಡಚಿಟ್ಟು, "ನೀವ್ಯಾರೂ ಸಮುದ್ರ ನೋಡಿಲ್ಲ ಅಲ್ವಾ? ಇಲ್ಲೇ ಮಾಡುವ," ಎಂದರು.

ಬಾಗಿಲ ಬಳಿ ಕಲ್ಲು ಜೋಡಿಸಿದ್ದು ದಡ. ಅಲೆ ಬಂದಾಗ ಏಡಿ ಕಲ್ಲಿನ ಸಂದಿಗೆ ಸರಿಯಬೇಕು. ನೀರು ಇಳಿದಾಗ ಚಿಪ್ಪಿನ ಪ್ರಾಣಿ ಒಣಗದಂತೆ ಬಿಗಿಯಾಗಿ ಮುಚ್ಚಿಕೊಳ್ಳಬೇಕು. ನಡುವೆ ಮರಳು. ಎರಡೂ ಕಣ್ಣು ಒಂದೇ ಪಕ್ಕಕ್ಕಿರುವ ಚಪ್ಪಟೆ ಮೀನಾಗಿ ಗೆಳತಿ ಶಾಂತಾ ಮರಳಿನ ಬಣ್ಣದ ಟವೆಲ್ ಹೊದ್ದು ಮಲಗಿದಳು. ಕೊನೆಯ ಮೂಲೆಯಲ್ಲಿ ಮೇಜಿನ ಮೇಲಿಂದ ಕರಿ ಕಂಬಳಿ ಇಳಿಬಿಟ್ಟು, "ಇದು ಆಳ ಸಮುದ್ರ. ಬಿಸಿಲೇ ಇಲ್ಲ," ಎನ್ನುತ್ತಾ ಟೀಚರ್ ನನ್ನ ಕೈಗೆ ಟಾರ್ಚ್ ಕೊಟ್ಟು, ಪಾಠದಲ್ಲಿ ಓದಿದ್ದ ಆಳದ ಮೀನಾಗಿ ಕಂಬಳಿಯ ಕೆಳಗೆ ಕೂರಿಸಿದರು.

"ಅವ್ಳು ಮಾತಾಡಲ್ಲ ಮಿಸ್," ಎಂದ ಏಡಿಯಾಗಿದ್ದ ಮಂಜ.

"ಮಾತಾಡ್ತಾಳೆ. ನಮಗೇನು ಅವಸರ?"

ಒಳಗೆ ಕತ್ತಲೆ, ಉಣ್ಣೆಯ ವಾಸನೆ. ಹೊರಗಿನಿಂದ ಟೀಚರ್ ಕೇಳಿದರು: "ಆಳದ ಮೀನೇ, ಊಟಕ್ಕೆ ಏನು ಮಾಡ್ತೀ?"

ನಾನು ಟಾರ್ಚಿನ ಗುಂಡಿಯ ಮೇಲೆ ಬೆರಳಿಟ್ಟು ಕೂತೆ. ಪಕ್ಕದ ಕ್ಲಾಸಿನವರು ಮಗ್ಗಿ ಹೇಳಿ ಮುಗಿಸಿದರು. ಟೀಚರ್ ಬೇರೆಯವರನ್ನು ಕೇಳಲಿಲ್ಲ. ಯಾರೋ ಕಿಸಕ್ಕೆಂದರೆ ಸುಮ್ಮನಿರಿಸಿದರು. ಯಾರ ಕಣ್ಣೂ ನನ್ನ ಮೇಲಿಲ್ಲ ಅನ್ನಿಸಿದ ಮೇಲೆ ಟಾರ್ಚ್ ಹೊತ್ತಿಸಿದೆ.

"ತಲೆ ಮೇಲೆ ದೀಪ ಐತೆ," ಎಂದೆ. "ಅದ್ನ ನೋಡಿ ಸಣ್ಣ ಮೀನು ಹತ್ರ ಬರ್ತವೆ, ತಿಂತೀನಿ. ಇಲ್ಲಿ ಊಟ ಸಿಗೋದು ಅಪರೂಪ. ಅದ್ಕೇ ಬಾಯಿ ದೊಡ್ಡದು."

"ಲೇ, ಮಾತಾಡಿದ್ಲು ಕಣೋ," ಎನ್ನುತ್ತಾ ಮಂಜ ಕಲ್ಲು ಬಿಟ್ಟು ಎದ್ದೇ ಬಂದ.

ಸಂಜೆ ಅತ್ತೆಗೆ ಇದನ್ನೆಲ್ಲ ಹೇಳುತ್ತಿದ್ದೆ. ಮಾವ ಮಗ್ಗ ನಿಲ್ಲಿಸಿ ಬಂದು ಕೂತರು. "ಇನ್ನೊಂದ್ಸಲ ಹೇಳವ್ವ. ಸದ್ದಿಗೆ ಕೇಳುಸ್ಲಿಲ್ಲ." ಹಿತಕಿದ ಅವರೆಬೇಳೆ ಸಾರು ಆರುವವರೆಗೂ ಹೇಳಿದೆ.

ಮರುವರ್ಷ ಟೀಚರಿಗೆ ಅವರ ಊರಿಗೇ ವರ್ಗವಾಯಿತು. ಅತ್ತೆ ನಮ್ಮ ಮಗ್ಗದ್ದೇ ಸೀರೆ ಉಡುಗೊರೆ ಕೊಟ್ಟು ಕಳಿಸಿದರು. ಆಮೇಲೆ ಅವರನ್ನು ನೋಡಲಿಲ್ಲ. ಮಾವನೂ ಈಗಿಲ್ಲ.

ನಾನೀಗ ಬಸ್ ಕಂಡಕ್ಟರ್. ದಿನವಿಡೀ ಮಾತೇ ನನ್ನ ಕೆಲಸ. ಒಮ್ಮೊಮ್ಮೆ ಬಾಯಿ ಬಿಡದ ಮಗುವೊಂದು ಹತ್ತುತ್ತದೆ. "ಎಲ್ಲಿಗೆ, ಬೇಗ ಹೇಳಮ್ಮ," ಅಂದುಬಿಡುತ್ತೇನೆ; ಹಿಂದೆ ಜನ ನೂಕುತ್ತಿರುತ್ತಾರೆ. ಅಂದು ನನಗೋಸ್ಕರ ಒಬ್ಬರು ಇಡೀ ಕ್ಲಾಸನ್ನೇ ಕಾಯಿಸಿದ್ದರು.