ಸ್ಕೂಲ್ ವ್ಯಾನಿನಲ್ಲಿ ಚಂದ್ರಂಪಳ್ಳಿಗೆ

ವಾಡಿಯಲ್ಲಿ ಆಶಾಬಿ ಎಂದು ಕೇಳಿದರೆ ಅರ್ಧ ಊರಿಗೆ ಗೊತ್ತಾಗಲಿಕ್ಕಿಲ್ಲ. ‘ವ್ಯಾನ್ ಖಾಲಾ’, ಅಂದರೆ ವ್ಯಾನಿನ ಚಿಕ್ಕಮ್ಮ, ಅನ್ನಿ, ಮನೆ ಬಾಗಿಲ ತನಕ ಬಂದು ಬಿಟ್ಟುಹೋಗುತ್ತಾರೆ. ಹತ್ತೊಂಬತ್ತು ವರ್ಷ ಊರಿನ ಮಕ್ಕಳನ್ನು ಶಾಲೆಗೆ ಒಯ್ದು ತಂದ ಹೆಂಗಸು ಆಕೆ.

ಮೊದಲು ಆ ವ್ಯಾನು ನಡೆಸುತ್ತಿದ್ದವನು ಗಂಡ ಅಬ್ದುಲ್ ಕರೀಮ್. ಸಕ್ಕರೆ ಕಾಯಿಲೆ ಅವನ ಕಣ್ಣು ಕಿತ್ತುಕೊಂಡಾಗ ಆಶಾಬಿಗೆ ಮೂವತ್ತಾರು. ರೈಲ್ವೆ ಕ್ವಾರ್ಟರ್ಸ್ ಹಿಂದಿನ ಬಯಲಿನಲ್ಲಿ ಅವನೇ ಪಕ್ಕದಲ್ಲಿ ಕೂತು ಕಲಿಸಿದ. ಕಾಣುತ್ತಿರಲಿಲ್ಲ, ಕಿವಿಯಲ್ಲೇ ಎಲ್ಲ ಹಿಡಿಯುತ್ತಿದ್ದ. ‘ಎಂಜಿನ್ ಅಳಾಕತ್ತದ, ಗೇರ್ ಬದಲಿ ಮಾಡು’ ಅನ್ನುತ್ತಿದ್ದ. ಹೆಂಗಸು ಗಾಡಿ ಹೊಡೆಯುತ್ತಾಳೆಂದು ಮೊದಲ ವರ್ಷ ಮೂರು ಮನೆಯವರು ಮಕ್ಕಳನ್ನು ಬಿಡಿಸಿಕೊಂಡರು. ಮರುವರ್ಷದ ಜೂನ್‌ನಲ್ಲಿ ಮೂವರೂ ತಾವಾಗಿಯೇ ವಾಪಸು ಬಂದರು. ಕರೀಮ್ ತೀರಿಹೋಗಿ ಈಗ ಆರು ವರ್ಷ.

ವ್ಯಾನಿನ ಬಾಗಿಲಲ್ಲಿ ಕೂರುತ್ತಿದ್ದವಳು ಆಯಾ ಹಣಮವ್ವ. ಆಶಾಬಿಗಿಂತ ಐದು ವರ್ಷ ದೊಡ್ಡವಳು. ಯಾವ ನೀರಿನ ಬಾಟಲಿ ಯಾವ ಮಗುವಿನದು ಎಂದು ನೋಡದೆ ಹೇಳುತ್ತಿದ್ದಳು. ಹೋದ ವರ್ಷ ಶಾಲೆಯವರು ಹೊಸ ಬಸ್ಸು ತಂದರು. ಹಳೆ ವ್ಯಾನನ್ನು ಗುಜರಿಗೆ ಹಾಕುವ ಬೆಲೆಗೇ ಆಶಾಬಿಗೆ ಕೊಟ್ಟರು. ಇಬ್ಬರಿಗೂ ಮನೆಯಲ್ಲಿ ಕೂರುವ ಕಾಲ ಬಂತು.

ಕೂರುವ ಜೀವಗಳಲ್ಲ ಅವು. ವೆಲ್ಡಿಂಗ್ ಮುಕ್ರಮನ ಹತ್ತಿರ ಹೋಗಿ ಸೀಟು ಕೀಳಿಸಿದರು, ಎರಡು ಮಡಚುವ ಮಂಚ ಕೂಡಿಸಿದರು. ಶಹಾಬಾದದಲ್ಲಿ ಕಲ್ಲು ಪಾಲಿಶ್ ಮಾಡುವ ಆಶಾಬಿಯ ತಮ್ಮ, ಸ್ಟೋವ್ ಇಡಲಿಕ್ಕೆಂದು ನೆಲಕ್ಕೆ ಹಾಸುವ ಎರಡು ಸಣ್ಣ ಫರ್ಸಿಕಲ್ಲು ಕೊಟ್ಟ. ಹಣಮವ್ವ ಹಳೆ ಯೂನಿಫಾರ್ಮ್‌ಗಳನ್ನು ಕೂಡಿಸಿ ಕೌದಿ ಹೊಲಿದಳು. ಎಲ್ಲಿಗೆ ಹೋಗುವುದು ಎಂಬ ಮಾತು ಬಂದಾಗ ಆಕೆ ತಡಮಾಡಲಿಲ್ಲ, ಚಂದ್ರಂಪಳ್ಳಿ ಅಂದಳು. ಆ ಡ್ಯಾಮು ಕಟ್ಟುವಾಗ ಅವಳ ತಾಯಿ ಮಣ್ಣು ಹೊತ್ತಿದ್ದಳಂತೆ. ಬೇವಿನ ಮರಕ್ಕೆ ಕಟ್ಟಿದ ಸೀರೆಯ ಜೋಳಿಗೆಯಲ್ಲಿ ಹಣಮವ್ವ ಮಲಗಿರುತ್ತಿದ್ದಳಂತೆ. ನೀರು ನಿಲ್ಲುವ ಮೊದಲೇ ಕೆಲಸ ಮುಗಿದು ಅವರು ಬೇರೆ ಕಡೆ ಹೋದರು. ತುಂಬಿದ ಡ್ಯಾಮನ್ನು ತಾಯಿಯೂ ನೋಡಲಿಲ್ಲ, ಮಗಳೂ ನೋಡಿರಲಿಲ್ಲ.

ತುಂಬಿದ್ದನ್ನು ನೋಡಬೇಕಾದರೆ ಮಳೆಗಾಲದಲ್ಲೇ ಹೋಗಬೇಕು. ಓಣಿಯವರು ನಕ್ಕರು. ಸೆಪ್ಟೆಂಬರಿನಲ್ಲಿ ಸೋನೆ ಹಿಡಿದು ಐದನೇ ದಿನಕ್ಕೆ ಇವರು ಹೊರಟರು. ಜೊತೆಗೆ ಒಂದು ಡಬ್ಬಿ ಒಣಗಿಸಿದ ಖಟಕ್ ರೊಟ್ಟಿ, ಶೇಂಗಾ ಹಿಂಡಿ, ಉಳ್ಳಾಗಡ್ಡಿ, ಬಟಾಟೆ. ಲಾಡ್ಜು, ಹೋಟೆಲು ಕೈಗೆಟುಕುವ ಮಾತಲ್ಲ. ಇದ್ದ ದುಡ್ಡು ಡೀಸೆಲ್ಲಿಗೇ ಸರಿಹೋಗುತ್ತಿತ್ತು.

ಚಿತ್ತಾಪುರ ದಾಟುತ್ತಲೇ ವೈಪರ್ ನಿಂತಿತು. ಆಶಾಬಿ ಗಾಡಿ ನಿಲ್ಲಿಸಿ, ಬಟಾಟೆಯೊಂದನ್ನು ಕೊಯ್ದು ಗಾಜಿಗೆ ಚೆನ್ನಾಗಿ ತಿಕ್ಕಿದಳು. ನೀರು ಹನಿಯಾಗಿ ಕೂರದೆ ಜಾರಿಹೋಗತೊಡಗಿತು. ವ್ಯಾನಿನ ಮಾಡು ಎರಡು ಕಡೆ ಸೋರಿತು, ಪಾತ್ರೆ ಇಟ್ಟರು. ಬಾಗಿಲ ಸಂದಿಯಿಂದ ಥಂಡಿ ಗಾಳಿ ನುಗ್ಗಿತು, ಗೋಣಿಚೀಲ ತುರುಕಿದರು. ರಸ್ತೆ ಬದಿಯ ಎರೆಮಣ್ಣಿಗೆ ಚಕ್ರ ಇಳಿಸಿದರೆ ಮತ್ತೆ ಏಳುವುದಿಲ್ಲವೆಂದು ಗೊತ್ತಿದ್ದರಿಂದ ಆಶಾಬಿ ಡಾಂಬರು ಬಿಡಲಿಲ್ಲ. ಸಂಜೆಗೆ ಸೇಡಂ. ಪೆಟ್ರೋಲ್ ಪಂಪಿನವರನ್ನು ಕೇಳಿ ಅಂಗಳದ ಮೂಲೆಯಲ್ಲಿ ಗಾಡಿ ನಿಲ್ಲಿಸಿದರು. ಉಣ್ಣುವುದಾದ ಮೇಲೆ ಒಂದು ಫರ್ಸಿಕಲ್ಲನ್ನು ಸ್ಟೋವಿನ ಮೇಲೆ ಬೆಚ್ಚಗೆ ಮಾಡಿ, ಬಟ್ಟೆ ಸುತ್ತಿ ಕಾಲ ಬುಡಕ್ಕಿಟ್ಟುಕೊಂಡು ಮಲಗಿದರು.

ಮರುದಿನ ಮುಂಜಾನೆ ಚಿಂಚೋಳಿ ದಾರಿಯಲ್ಲಿ ಒಂದು ಹಳ್ಳ ಅಡ್ಡ ಬಂತು. ಸೇತುವೆ ಕಾಣಿಸುತ್ತಿರಲಿಲ್ಲ, ಮೇಲೆ ಕೆಂಪು ನೀರು ಹರಿಯುತ್ತಿತ್ತು. ಗೋಣಿಚೀಲದ ಕೊಪ್ಪೆ ಹೊದ್ದು ನಿಂತಿದ್ದ ಪಕ್ಕದ ಊರಿನ ಭಾಗಣ್ಣ, ಆಗಷ್ಟೇ ಒಂದು ಟ್ರ್ಯಾಕ್ಟರ್ ದಾಟಿತು, ನೀರು ಮೊಣಕಾಲುದ್ದ ಇದ್ದೀತು ಅಂದ. ಆಶಾಬಿ ಎಂಜಿನ್ ಆಫ್ ಮಾಡಿದಳು.

ಹಿಂದೆ ಒಂದು ಟೆಂಪೋ ಬಂದು ನಿಂತಿತು. ಓಡಿಸುತ್ತಿದ್ದವನು ಚನ್ನು ಎಂಬ ಮೂವತ್ತರ ಗಂಡಸು. ಹಿಂಬದಿಯಲ್ಲಿ ಕಳೆ ತೆಗೆಯಲು ಹೋಗಿ, ಮಳೆಗೆ ಕೆಲಸ ನಿಂತು ಊರಿಗೆ ಮರಳುತ್ತಿದ್ದ ಹನ್ನೊಂದು ಮಂದಿ ಹೆಣ್ಣಾಳುಗಳು, ತಲೆಯ ಮೇಲೆ ಒಂದೇ ತಾಡಪತ್ರಿ. ಚನ್ನು ಹಾರ್ನ್ ಹೊಡೆದ, ಆಮೇಲೆ ಇಳಿದು ಬಂದ. ನಾನು ಈ ದಾರಿಯಲ್ಲಿ ದಿನಾ ಓಡಾಡುವವನು, ನೀವು ಬದಿಗೆ ಸರಿದರೆ ನನ್ನ ಟೆಂಪೋ ದಾಟಿಸುತ್ತೇನೆ ಅಂದ.

ಆಶಾಬಿ ಟೆಂಪೋದಲ್ಲಿ ನಡುಗುತ್ತ ಕೂತವರನ್ನು ನೋಡಿದಳು. ಗಾಡಿ ಸ್ಟಾರ್ಟ್ ಮಾಡಿ, ಹಿಂದೆ ಮುಂದೆ ಹೊರಳಿಸಿ, ರಸ್ತೆಗೆ ಅಡ್ಡವಾಗಿ ನಿಲ್ಲಿಸಿ ಕೀಲಿ ತೆಗೆದುಕೊಂಡು ಇಳಿದಳು.

‘ಇದೇನ್ ಮಾಡಾಕತ್ತೀರಿ, ಖಾಲಾ?’ ಚನ್ನುವಿನ ದನಿ ಏರಿತು.

‘ನೀರಿನಾಗ ರಸ್ತೆ ಕಾಣದಿದ್ರ ಅಲ್ಲಿ ರಸ್ತೆ ಇಲ್ಲಂತ ತಿಳೀಬೇಕು. ನನಗ ಗಾಡಿ ಕಲಿಸಿದವರು ಹಿಂಗ ಹೇಳ್ಯಾರ,’ ಅಂದಳು ಆಶಾಬಿ. ‘ನೀ ಒಬ್ಬನ ಇದ್ದಿದ್ರ ನಾ ಬಿಡ್ತಿದ್ದೆನೋ ಏನೋ. ಹನ್ನೊಂದು ಮಂದಿ ಅದಾರಪ್ಪ.’

ಅವನು ಏನೇನೋ ಅಂದ. ಬೇರೆ ಊರಿನಿಂದ ಬಂದ ಮುದುಕಿಗೆ ಇಲ್ಲೇನು ದೊಡ್ಡಸ್ತಿಕೆ ಎಂದೂ ಕೇಳಿದ. ಆಶಾಬಿ ಅಷ್ಟೂ ಕೇಳಿಸಿಕೊಂಡು ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿದಳು. ಅಷ್ಟರಲ್ಲಿ ಹಣಮವ್ವ ವ್ಯಾನಿನ ಬಾಗಿಲು ತೆರೆದು, ಶಾಲೆ ಮಕ್ಕಳನ್ನು ಹತ್ತಿಸುವ ಹಾಗೆ ಕೈಹಿಡಿದು ಒಬ್ಬೊಬ್ಬಳನ್ನೇ ಒಳಗೆ ಕರೆದುಕೊಂಡಳು. ಹನ್ನೊಂದು ಜನ ಮಂಚದ ಮೇಲೆ, ಕೆಳಗೆ, ಒಬ್ಬರ ತೊಡೆಗೆ ಒಬ್ಬರು ಒತ್ತಿ ಕೂತರು. ಕೌದಿ ಹರಡಿತು, ಸ್ಟೋವಿನ ಮೇಲೆ ಚಹಾ ಕುದಿಯಿತು. ನಾಲ್ಕು ದಿನಕ್ಕೆಂದು ತಂದ ರೊಟ್ಟಿ ಆ ಮಧ್ಯಾಹ್ನವೇ ಮುಗಿಯಿತು. ಚನ್ನು ತನ್ನ ಕ್ಯಾಬಿನ್ನಿನಲ್ಲೇ ಮುಖ ಊದಿಸಿಕೊಂಡು ಕೂತಿದ್ದ. ಒದ್ದೆ ಅಂಗಿಯಲ್ಲಿ ಎಷ್ಟು ಹೊತ್ತು ತಡೆದಾನು? ಕಡೆಗೆ ಬಾಗಿಲ ಹತ್ತಿರ ಬಂದು ನಿಂತ. ಹಣಮವ್ವ ಅವನನ್ನು ಏನೂ ಕೇಳದೆ ಕೌದಿ ಹೊದಿಸಿ ಕಪ್ಪು ಕೈಗಿಟ್ಟಳು.

ನಾಲ್ಕು ಗಂಟೆ ಹೊತ್ತಿಗೆ ನೀರು ಇಳಿದು ಸೇತುವೆಯ ಅಂಚಿನ ಕಲ್ಲು ಕಂಡವು. ಭಾಗಣ್ಣ ಕೋಲು ಊರುತ್ತ ಆಚೆ ದಡದ ತನಕ ನಡೆದು ನೋಡಿ ಬಂದ. ಸೇತುವೆ ಗಟ್ಟಿಯಾಗಿತ್ತು. ಡಾಂಬರು ಕೂಡ ಎದ್ದಿರಲಿಲ್ಲ.

‘ನೋಡ್ರಿ ಖಾಲಾ, ಏನೂ ಆಗಿಲ್ಲ. ಮುಂಜಾನೇನೇ ದಾಟಬಹುದಿತ್ತು,’ ಅಂದ ಚನ್ನು. ದನಿಯಲ್ಲಿ ಬೆಳಗಿನ ಸಿಟ್ಟು ಇರಲಿಲ್ಲ.

‘ಹೌದಪ್ಪ, ದಾಟಬಹುದಿತ್ತು,’ ಅಂದಳು ಆಶಾಬಿ. ‘ಆದ್ರ ಮುಂಜಾನಿ ಅದು ನನಗ ಗೊತ್ತಿರಲಿಲ್ಲ. ನಿನಗೂ ಗೊತ್ತಿರಲಿಲ್ಲ.’

ಅವನು ನೀವೇ ಮುಂದೆ ಹೋಗಿರಿ ಎಂದು ಕೈಮಾಡಿ, ವ್ಯಾನಿನ ಹಿಂದೆ ನಿಧಾನವಾಗಿ ದಾಟಿದ. ತಮ್ಮೂರಿನ ತಿರುವಿನಲ್ಲಿ ಆ ಹೆಂಗಸರು ಆಶಾಬಿ, ಹಣಮವ್ವ ಇಬ್ಬರನ್ನೂ ಬಿಡಲೊಲ್ಲರು. ಅಲ್ಲೇ ಉಳಿಸಿಕೊಂಡು, ಬಿಸಿ ರೊಟ್ಟಿ, ಪುಂಡಿಪಲ್ಯ ಉಣ್ಣಿಸಿ, ಡಬ್ಬಿ ತುಂಬಿಸಿ ಕಳಿಸಿದರು.

ಮೂರನೇ ದಿನ ಮುಂಜಾನೆ ಚಂದ್ರಂಪಳ್ಳಿ ತಲುಪಿದರು. ಕಾಡಿನ ಮೇಲೆ ಮಂಜು ಕೂತಿತ್ತು. ಡ್ಯಾಮು ತುಂಬಿ, ಸಣ್ಣ ಮಳೆಯಲ್ಲಿ ನೀರು ನವಿರಾಗಿ ನಡುಗುತ್ತಿತ್ತು. ಹಣಮವ್ವ ಕೊಡೆ ಬೇಡವೆಂದು ಸೆರಗು ಹೊದ್ದು ಒಡ್ಡಿನ ಈ ತುದಿಯಿಂದ ಆ ತುದಿಗೆ ಒಬ್ಬಳೇ ನಡೆದುಹೋದಳು, ನಡೆದೇ ಬಂದಳು. ಬರುವಷ್ಟರಲ್ಲಿ ಆಶಾಬಿ ಕಲ್ಲು ಬೆಚ್ಚಗೆ ಮಾಡಿ ಇಟ್ಟಿದ್ದಳು. ಹಣಮವ್ವ ಅದರ ಮೇಲೆ ಪಾದವಿಟ್ಟು ಕೂತಳು.

‘ನಮ್ಮವ್ವ ಮಣ್ಣು ಹೊತ್ತೀನಿ ಅಂತಿದ್ಲು,’ ಅಂದಳು. ‘ಇಷ್ಟು ಅಂತ ಹೇಳಿರಲಿಲ್ಲ.’

ಆಶಾಬಿ ಅವಳ ಒದ್ದೆ ತಲೆ ಒರೆಸಿದಳು. ಮಳೆ ಬಿಡುವ ತನಕ ಇಲ್ಲೇ ಇರೋಣ ಅಂದಳು. ಮಳೆ ಎರಡು ದಿನ ಬಿಡಲಿಲ್ಲ, ಇವರೂ ಏಳಲಿಲ್ಲ. ವಾಡಿಗೆ ಬಂದ ವಾರಕ್ಕೆ ಓಣಿಯ ಮೂವರು ಹೆಂಗಸರು ಮುಂದಿನ ಸಲ ನಾವೂ ಬರುತ್ತೇವೆಂದು ಕೇಳಿಕೊಂಡು ಬಂದರು. ಈಗ ಮುಕ್ರಮ ವ್ಯಾನಿಗೆ ಇನ್ನೊಂದು ಮಂಚ ಕೂಡಿಸುತ್ತಿದ್ದಾನೆ. ವೈಪರ್ ಮಾತ್ರ ಇನ್ನೂ ರಿಪೇರಿಯಾಗಿಲ್ಲ.