ಅಪ್ಡೇಟ್ ಸರ್

ಮಹಾಂತೇಶ ಸರ್ ಯಾರನ್ನೂ ಹೆಸರು ಹಿಡಿದು ಕರೆದವರಲ್ಲ, ತಪ್ಪು ಹಿಡಿದು ಕರೆಯುತ್ತಿದ್ದರು. ಕೀಬೋರ್ಡಿನ ಮೇಲೆ ಚಹಾ ಚೆಲ್ಲಿದ ಈರಣ್ಣ ಕೊನೆಯವರೆಗೂ ‘ಚಹಾ’. ಒಂದು ದಿನದ ಲಾರಿ ತೂಕದ ಲೆಕ್ಕವನ್ನೆಲ್ಲ ಅಳಿಸಿಹಾಕಿದ ಹುಸೇನಸಾಬ ‘ಡಿಲೀಟ್’. ಪಾಪ, ಆತ ಮಗಳ ಮದುವೆಗೆ ಕರೆಯಲು ಬಂದರೆ, “ಏ ಡಿಲೀಟ್, ಕಾರ್ಡಿನ್ಯಾಗ ಇದೇ ಹೆಸರು ಹಾಕ್ಸೀಯೋ ಇಲ್ಲೋ?” ಎಂದು ಎಲ್ಲರೆದುರು ಕೇಳಿ ತಾವೇ ಮೊದಲು ನಕ್ಕಿದ್ದರು.

ಗಂಗಾವತಿಯ ನಮ್ಮ ರೈಸ್ ಮಿಲ್ಲಿನಲ್ಲಿ ಲಾರಿಯ ತೂಕ, ಬಿಲ್ಲು, ಗೇಟ್ ಪಾಸು ಎಲ್ಲವೂ ಒಂದೇ ಸರ್ವರಿನ ಮೇಲೆ ನಡೆಯುತ್ತಿದ್ದವು. ಅದು ಗಾಜಿನ ಕೋಣೆಯಲ್ಲಿತ್ತು. ಅದನ್ನು ನೋಡಿಕೊಳ್ಳುವ ಸರ್ ಅದರ ಪಕ್ಕದಲ್ಲೇ ಇರುತ್ತಿದ್ದರು.

ನಾನು ‘ಕುಂಕುಮ’. ನಮ್ಮಲ್ಲಿ ಅಮಾವಾಸ್ಯೆ ಬಂದರೆ ಲಾರಿಯಿಂದ ಹಿಡಿದು ತಕ್ಕಡಿಯವರೆಗೆ ಎಲ್ಲಕ್ಕೂ ಪೂಜೆ. ಆ ಸರ್ವರ್ ಯಂತ್ರವನ್ನೂ ಬಂದ್ ಮಾಡಿ, ಒರೆಸಿ, ಕಾಯಿ ಒಡೆದು ಮತ್ತೆ ಚಾಲೂ ಮಾಡಬೇಕು. ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾನು ಭಕ್ತಿ ಹೆಚ್ಚಾಗಿ ಅದರ ಗಾಳಿಕಿಂಡಿಗೇ ಕುಂಕುಮ ಸುರಿದಿದ್ದೆ. ಒಳಗಿನ ಫ್ಯಾನು ಅದನ್ನೆಲ್ಲ ಎಳೆದುಕೊಂಡು ಕಿರುಗುಟ್ಟಿತ್ತು. ಹೆಸರು ಅಂಟಿತು, ನಾನೂ ನಕ್ಕಿದ್ದೆ. ಆದರೆ ಗಂಡ ತೀರಿಕೊಂಡು, ದಿನಕರ್ಮ ಮುಗಿಸಿ, ಬರಿ ಹಣೆಯಲ್ಲಿ ನಾನು ಕೆಲಸಕ್ಕೆ ಬಂದ ದಿನ ಈರಣ್ಣ, ಹುಸೇನಸಾಬರೆಲ್ಲ ತಲೆ ತಗ್ಗಿಸಿ ನಿಂತಿದ್ದಾಗ ಗಾಜಿನ ಕೋಣೆಯಿಂದ ಕೂಗು ಬಂತು: “ಏ ಕುಂಕುಮ, ಬಂದೇನು? ಬಿಲ್ ಹಂಗ ಬಿದ್ದಾವ ನೋಡು.” ಅವತ್ತಿನಿಂದ ಆ ಮನುಷ್ಯನನ್ನು ಕಂಡರೆ ನನಗೆ ಆಗುತ್ತಿರಲಿಲ್ಲ.

ಕೆಲಸದಲ್ಲಿ ಮಾತ್ರ ಅವರದು ಎತ್ತಿದ ಕೈ. ಹೊಸ ಅಪ್ಡೇಟ್ ಬಂದರೆ ಮೊದಲು ಮೂಲೆಯಲ್ಲಿದ್ದ ಹಳೆ ಕಂಪ್ಯೂಟರಿಗೆ ಹಾಕಿ, ಕೆಲವು ದಿನ ಕಾದು ನೋಡಿ, ಆಮೇಲೆ ಸರ್ವರಿಗೆ ಹಾಕುವರು. “ಬಂದದ್ದೆಲ್ಲಾ ನಾವ ನುಂಗಬಾರ್ದು. ಮೊದಲ ನಾಯಿಗೆ ಹಾಕಿ ನೋಡಬೇಕು” ಎನ್ನುತ್ತಿದ್ದರು. ಆ ಹಳೆ ಕಂಪ್ಯೂಟರಿನಲ್ಲಿ ಕೂತು ಕೆಲಸ ಮಾಡುತ್ತಿದ್ದವಳು ನಾನು.

ಮುಂದಿನ ಒಂದು ಅಮಾವಾಸ್ಯೆ. ಮಿಲ್ಲಿನ ಸಾಹುಕಾರರು ಕರ್ಪೂರ ಹಚ್ಚಿಕೊಂಡು ನಿಂತು, “ಲಗೂ ಬಂದ್ ಮಾಡ್ರಿ” ಎಂದು ಒಂದೇ ಸಮನೆ ಅವಸರ ಮಾಡುತ್ತಿದ್ದರು. ಆ ಗಡಿಬಿಡಿಯಲ್ಲಿ ಸರ್ ಬರೀ ಬಂದ್ ಮಾಡುವುದನ್ನು ಬಿಟ್ಟು, ‘ಅಪ್ಡೇಟ್ ಮಾಡಿ ಬಂದ್ ಮಾಡು’ ಎಂಬುದನ್ನು ಒತ್ತಿಬಿಟ್ಟರು. ನಾನು ಗಾಜಿನಾಚೆಯಿಂದ ನೋಡಿದೆ. ಹಳೆ ಕಂಪ್ಯೂಟರಿಗೆ ಇನ್ನೂ ಹಾಕಿ ನೋಡದ ಅಪ್ಡೇಟ್ ಅದು. ಕಾಯಿ ಒಡೆದು ಚಾಲೂ ಮಾಡಿದರೆ ಬರೀ ನೀಲಿ ಪರದೆ, ಸರ್ವರ್ ಏಳಲೇ ಇಲ್ಲ. ಆರಿಸಿ ಹಚ್ಚಿದರೆ ಮತ್ತೆ ನೀಲಿ. ಹೊರಗೆ ತೂಕ ನಿಂತು, ಭತ್ತದ ಲಾರಿಗಳು ಗೇಟಿನಾಚೆಗೂ ಸಾಲುಗಟ್ಟಿದವು.

“ಯಾರ್ದಿದು ಕೆಲಸ? ಅವರ್ನ ಇವತ್ತ ಮನಿಗೆ ಕಳಸ್ತೀನಿ!” ಎಂದು ಸಾಹುಕಾರರು ಗುಡುಗಿದರು.

ಸರ್ ಹಿಂದೆ ಮುಂದೆ ನೋಡದೆ ನನ್ನತ್ತ ಬೆರಳು ಮಾಡಿದರು. “ಇಕಿದ ರೀ. ಮತ್ತ ಕುಂಕುಮ ಹಾಕ್ಯಾಳ.”

ಆ ಪಗಾರ ಹೋದರೆ ನನ್ನ ಮನೆಯಲ್ಲಿ ಒಲೆ ಉರಿಯುತ್ತಿರಲಿಲ್ಲ. ಆಗ ಸರ್ ಕಡೆ ತಿರುಗಿ ಬಾಯಿ ತೆಗೆದವರು, ಪೂಜೆಗೆ ಬಂದಿದ್ದ ಸಾಹುಕಾರರ ತಾಯಿ. “ನಿನಗ ತಲಿ ಸರಿ ಐತೇನೋ? ಗಂಡ ಸತ್ತಾಕಿನ್ನ ಪೂಜಿ ಹತ್ರ ಬಿಟ್ಕೊಂತೀವೇನು? ಮುಂಜಾನಿಂದ ಆಕಿನ್ನ ಹೊರಗ ನಿಲ್ಸೀನಿ ನಾನು.”

ನನ್ನನ್ನು ಬಾಗಿಲಾಚೆ ಇಟ್ಟ ಮಾತೇ ನನ್ನ ನೌಕರಿ ಉಳಿಸಿತು. ಧೈರ್ಯ ಬಂದು ಹೇಳಿದೆ: “ಅಪ್ಡೇಟ್ ಒತ್ತಿದವ್ರು ಸರ್ ರೀ. ನಾ ನೋಡೀನಿ.”

“ಮೊದಲ ಇದನ್ನ ಸರಿ ಮಾಡ್ರಿ” ಎಂದರು ಸಾಹುಕಾರರು. ಸರ್ ಕೀಬೋರ್ಡಿನ ಮುಂದೆ ಕೂತರು. ಪೆನ್‌ಡ್ರೈವ್ ಚುಚ್ಚಿ, ಅದರಿಂದ ಸರ್ವರನ್ನು ಎಬ್ಬಿಸಿ, ಕಪ್ಪು ಪರದೆಯ ಮೇಲೆ ಏನೇನೋ ಟೈಪ್ ಮಾಡುತ್ತ ಆ ಅಪ್ಡೇಟನ್ನು ಹುಡುಕಿ ತೆಗೆಯತೊಡಗಿದರು. ಒಮ್ಮೆ ಸೋತು ಮತ್ತೆ ಮೊದಲಿನಿಂದ ಶುರುಮಾಡಿದರು. ಬೆವರು ಕೀಬೋರ್ಡಿಗೆ ತೊಟ್ಟಿಕ್ಕುತ್ತಿತ್ತು, ಯಾರೂ ನೀರು ಕೊಡಲಿಲ್ಲ. ಸಂಜೆ ಹೊತ್ತಿಗೆ ಸರ್ವರ್ ಎದ್ದಿತು. ಒಂದು ಬಿಲ್ಲೂ ಅಳಿಸಿಹೋಗಿರಲಿಲ್ಲ. ಸಾಹುಕಾರರು ಶಹಬ್ಬಾಸ್ ಎನ್ನಲು ಬಾಯಿ ತೆರೆದಿದ್ದರು.

ಅಷ್ಟರಲ್ಲಿ ನಾನು ಕೇಳಿದೆ: “ಅಪ್ಡೇಟ್ ಸರ್, ಚಹಾ ತರ್ಲೇನ್ರಿ?”

ಮೊದಲು ನಕ್ಕವನು ಹುಸೇನಸಾಬ. ಆಮೇಲೆ ಸಾಹುಕಾರರು.

ಹೆಸರು ಹಮಾಲರಿಗೆ ಹೋಯಿತು, ಲಾರಿ ಡ್ರೈವರುಗಳಿಗೆ ಹೋಯಿತು. ಸರ್ ಗಾಜಿನ ಕೋಣೆಗೆ ಪರದೆ ಕಟ್ಟಿಸಿಕೊಂಡು, ಒಳಗೇ ಬುತ್ತಿ ಉಣ್ಣತೊಡಗಿದರು. ಕೆಲವು ತಿಂಗಳಲ್ಲಿ ಕೆಲಸ ಬಿಟ್ಟು ಹೋದರು.

ಮೊನ್ನೆ ತಾವರಗೇರಾದ ತಂಗಿಯ ಮನೆಗೆ ಹೋದಾಗ ಅಲ್ಲಿನ ಒಂದು ಝೆರಾಕ್ಸ್ ಅಂಗಡಿಯಲ್ಲಿ ಅವರನ್ನು ಕಂಡೆ. ಸೊರಗಿದ್ದರು. ಸುತ್ತ ಆಧಾರ್ ಕಾರ್ಡು ಹಿಡಿದ ಮಂದಿ, “ಮಾಂತೇಶಪ್ಪಾರ, ಮಾಂತೇಶಪ್ಪಾರ” ಎನ್ನುತ್ತಿದ್ದರು. “ಬರ್ರಿ ದುರಗಪ್ಪ, ಕುಂದರ್ರಿ. ಹನುಮವ್ವ, ನಿಂದು ಆತು ನೋಡವಾ” ಎಂದು ಸರ್ ಒಬ್ಬೊಬ್ಬರನ್ನೂ ಹೆಸರು ಹಿಡಿದು ಮಾತಾಡಿಸುತ್ತಿದ್ದರು. ನೋಡಿ ನನಗೆ ಹೊಟ್ಟೆ ಉರಿಯಿತು.

ಬಾಗಿಲಲ್ಲಿ ನಿಂತು ಜೋರಾಗಿಯೇ ಕರೆದೆ: “ಅಪ್ಡೇಟ್ ಸರ್, ಆರಾಮ ಅದೀರೇನ್ರಿ?”

ಅವರು ಎದ್ದು ನನ್ನ ಹತ್ತಿರಕ್ಕೆ ಬಂದರು. “ಗಿರಿಜವ್ವ,” ಎಂದರು ಮೆಲ್ಲಗೆ, “ಇಲ್ಲಿ ಆ ಹೆಸರು ಯಾರಿಗೂ ಗೊತ್ತಿದ್ದಿಲ್ಲ ನೋಡವಾ.”

ಅವರ ಬಾಯಲ್ಲಿ ನನ್ನ ಹೆಸರು ಕೇಳಿದ್ದು ಅದೇ ಮೊದಲು. ನಾನು ಏನಾದರೂ ಹೇಳುವ ಮೊದಲೇ ಒಳಗಿನಿಂದ ದುರಗಪ್ಪ ಕೂಗಿದ: “ಅಪ್ಡೇಟ್ ಸರ್ರ, ಬಸ್ ಹೊಂಟೈತ್ರಿ, ನಮ್ದು ಲಗೂ ಮಾಡ್ರಿ!”

ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ.