ತಪ್ಪು ಸಾಲಿನಲ್ಲಿ ನಿಂತ ಇಸ್ತ್ರಿ ಅಕ್ಕ

ಬೆಳಕು ಹರಿಯುವ ಮೊದಲೇ ಆಂಗ್ಲಿಕನ್ ಚರ್ಚಿನ ಹಿಂಬದಿಯ ಸಣ್ಣ ಕೋಣೆಯಲ್ಲಿ ಇಸ್ತ್ರಿ ಪೆಟ್ಟಿಗೆ ಬಿಸಿಯಾಗುತ್ತಿದೆ. ಮೇಜಿನ ಮೇಲೆ ಹಳೆಯ ಕಂಬಳಿ, ಅದರ ಮೇಲೆ ಹಾಡುವ ಗುಂಪಿನವರ ಬಿಳಿ ನಿಲುವಂಗಿ. ಇಸ್ತ್ರಿ ಅಕ್ಕ ಬೆರಳನ್ನು ನೀರಿಗೆ ಅದ್ದಿ ಪೆಟ್ಟಿಗೆಯ ತಳಕ್ಕೆ ತಾಗಿಸುತ್ತಾರೆ. ಚುಯ್ ಎನ್ನುತ್ತದೆ. ಮೊದಲು ಕಾಲರು, ಆಮೇಲೆ ತೋಳು, ಕೊನೆಗೆ ಬೆನ್ನು. ಅವರನ್ನು ಹೆಸರು ಹಿಡಿದು ಕರೆಯುವವರು ಈ ಸಭೆಯಲ್ಲಿ ಯಾರೂ ಇಲ್ಲ. ದೊಡ್ಡವರಿಗೂ ಚಿಕ್ಕವರಿಗೂ ಅವರು ಇಸ್ತ್ರಿ ಅಕ್ಕನೇ.

ಹದಿನೆಂಟು ನಿಲುವಂಗಿ, ಪಾದ್ರಿಗಳ ಉಡುಪು, ಪೀಠಕ್ಕೆ ಹಾಸುವ ಬಟ್ಟೆ, ದ್ರಾಕ್ಷಾರಸದ ಬಟ್ಟಲು ಒರೆಸುವ ವಸ್ತ್ರ, ಇಷ್ಟೂ ವಾರಕ್ಕೊಮ್ಮೆ ಇವರ ಕೈ ದಾಟಿಯೇ ಒಳಗೆ ಹೋಗಬೇಕು. ಬಟ್ಟೆಯ ಮೇಲೆ ಬಿದ್ದ ಮೇಣಕ್ಕೆ ಒರಟು ಕಾಗದ ಇಟ್ಟು ಬಿಸಿ ತಾಗಿಸುತ್ತಾರೆ, ಕಾಗದ ಮೇಣವನ್ನು ಕುಡಿಯುತ್ತದೆ. ದ್ರಾಕ್ಷಾರಸದ ಕಲೆಗೆ ಉಪ್ಪು. ತುಟಿಯ ಬಣ್ಣ ಒಂದೇ ಸಲಕ್ಕೆ ಹೋಗುವುದಿಲ್ಲ. ಇನ್ನು ಯಾವುದನ್ನೇ ನೀರಿಗೆ ಹಾಕುವ ಮೊದಲು ಜೇಬು ತಡಕಲೇಬೇಕು. ಪೆಪ್ಪರಮಿಂಟು, ಬಸ್ ಟಿಕೆಟ್, ಪಾದ್ರಿಗಳ ಪ್ರಸಂಗದ ನಡುವೆ ಸುಲಿದಿಟ್ಟ ಕಡಲೆಕಾಯಿ ಸಿಪ್ಪೆ, ಒಮ್ಮೆಯಂತೂ ಪೂರಾ ಹಲ್ಲಿನ ಸೆಟ್ಟು.

“ನಮ್ಮ ದಪ್ಪ ದನಿಯ ತಾತಂದು” ಎನ್ನುತ್ತಾರೆ ಅಕ್ಕ. “ಎಲ್ಲಿಟ್ಟೆ ಅಂತ ಅವರಿಗೆ ನೆನಪೇ ಇಲ್ಲ. ಆ ವಾರ ಬಾಯಿ ಮುಚ್ಕೊಂಡೇ ಹಾಡಿದ್ರು. ಜನ, ಆಹಾ ಎಂಥ ಭಕ್ತಿ ಅಂದ್ರು.”

ನಗುತ್ತಾರೆ, ಆದರೆ ಇವತ್ತು ಒಂದೇ ಕಾಲರಿಗೆ ಎರಡೆರಡು ಸಲ ಪೆಟ್ಟಿಗೆ ಎಳೆಯುತ್ತಿದ್ದಾರೆ. ಇದು ತಿಂಗಳ ಮೊದಲ ಭಾನುವಾರ. ಈ ಚರ್ಚಿನಲ್ಲಿ ಅಂದು ಆರಾಧನೆ ಮುಗಿಯುವ ಹೊತ್ತಿಗೆ ಜನ ಎರಡು ಸಾಲಾಗಿ ಮುಂದೆ ಬರುವ ರೂಢಿ ಇದೆ. ಆ ತಿಂಗಳಲ್ಲಿ ಹುಟ್ಟಿದವರು ಮೊದಲು. ಪಾದ್ರಿಗಳು ಅವರ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸುತ್ತಾರೆ. ಅವರು ಹೋಗಿ ಕೂತ ಮೇಲೆ, ಆ ತಿಂಗಳಲ್ಲಿ ಮದುವೆಯಾದ ದಂಪತಿಗಳ ಸರದಿ. ಅಕ್ಕ ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಹುಟ್ಟುಹಬ್ಬದ ಸಾಲಿನಲ್ಲಿ ನಿಂತವರು. ಇವತ್ತು ದಂಪತಿಗಳ ಸಾಲಿನಲ್ಲಿ ನಿಲ್ಲಬೇಕೆಂದಿದ್ದಾರೆ. ಜೊತೆಗೆ ನಿಲ್ಲುವವರು ಡ್ರೈವರಮ್ಮ. ನಿಲ್ಲಲು ಬಿಡುತ್ತಾರೋ, ಕೂರಿಸುತ್ತಾರೋ ಗೊತ್ತಿಲ್ಲ. ಇಬ್ಬರು ಹೆಂಗಸರನ್ನೋ ಇಬ್ಬರು ಗಂಡಸರನ್ನೋ ಜೋಡಿಯೆಂದು ನಿಲ್ಲಿಸಿ ಆಶೀರ್ವದಿಸಲು ಇಲ್ಲಿ ಬಿಷಪ್ಪರ ಅಪ್ಪಣೆ ಇಲ್ಲ.

ಬಾಗಿಲು ತಳ್ಳಿಕೊಂಡು ಡ್ರೈವರಮ್ಮ ಒಳಗೆ ಬರುತ್ತಾರೆ. ಊರಿನ ಬಸ್ಸು ಓಡಿಸಿ ನಿವೃತ್ತರಾದ ಹೆಂಗಸು. ಗಟ್ಟಿ ಆಳು, ಗಟ್ಟಿ ಗಂಟಲು.

“ಆಯ್ತೇನೇ? ಗಂಟೆ ಹೊಡೀತಾರೆ.”

“ನಿನ್ನ ಅವಸರಕ್ಕೆ ಕಾಲರು ಬಗ್ಗಲ್ಲ. ಕೂತ್ಕೋ.”

“ಕೂತರೆ ಹೆದರಿಕೆ ಆಗುತ್ತೆ. ಏನಾದ್ರೂ ಕೆಲಸ ಕೊಡು.”

ಅಕ್ಕ ಹ್ಯಾಂಗರುಗಳ ರಾಶಿಯನ್ನು ತೋರಿಸುತ್ತಾರೆ. ಅಷ್ಟು ದೊಡ್ಡ ಬಸ್ಸನ್ನು ಸಂದಿಗೊಂದಿಗಳಲ್ಲಿ ತಿರುಗಿಸಿದ ಕೈಗಳು ಹ್ಯಾಂಗರಿಗೆ ಹ್ಯಾಂಗರು ಸಿಕ್ಕಿಸಿಕೊಂಡು ಒದ್ದಾಡುತ್ತವೆ.

ಇವರಿಬ್ಬರ ಪರಿಚಯ ಆದದ್ದು ಜಗಳದಿಂದ. ಆಗ ಈ ಕೋಣೆಯಲ್ಲಿ ನೀರಿರಲಿಲ್ಲ. ಅಕ್ಕ ನಿಲುವಂಗಿಗಳನ್ನು ಗಂಟು ಕಟ್ಟಿ ಬಸ್ಸಿನಲ್ಲಿ ಮನೆಗೆ ಒಯ್ದು ಒಗೆಯುತ್ತಿದ್ದರು. ಗಂಟು ಮುಂದಿನ ಸೀಟಿನಲ್ಲಿ, ಅಕ್ಕ ನಿಂತು. “ಸೀಟು ಬಟ್ಟೆಗಾ, ಮನುಷ್ಯರಿಗಾ?” ಎಂದು ಡ್ರೈವರಮ್ಮ ಕನ್ನಡಿಯಲ್ಲಿ ನೋಡಿ ಕೇಳಿದರು. “ಬಟ್ಟೆ ಸುಕ್ಕಾಗುತ್ತೆ. ನಾನು ಆಗಲ್ಲ” ಎಂದರು ಅಕ್ಕ. ಮರುವಾರದಿಂದ ಅಕ್ಕ ಬರುವುದು ತಡವಾದರೂ ಬಸ್ಸು ನಿಲ್ದಾಣದಿಂದ ಹೊರಡುತ್ತಿರಲಿಲ್ಲ. ಒಳಗಿದ್ದವರು ಬೈಯುತ್ತಿದ್ದರು, ಡ್ರೈವರಮ್ಮ ಎಂಜಿನ್ ಕಡೆ ಕೈ ತೋರಿಸುತ್ತಿದ್ದರು. ಕೆಟ್ಟಿರದ ಎಂಜಿನ್ನನ್ನು ಹೀಗೆ ವರ್ಷವಿಡೀ ದೂರಿದ ಮೇಲೆ ಇಬ್ಬರೂ ಒಂದು ಮನೆ ಹಿಡಿದರು.

ಹಿಡಿದದ್ದು ಒಂದೇ ಮನೆಯಲ್ಲ. ಬಾಡಿಗೆಗೆ ಕೊಡುವವರು, ನೀವಿಬ್ಬರೂ ಏನಾಗಬೇಕು ಎಂದು ಕೇಳಿಯೇ ಬೀಗದ ಕೈ ಕೊಡುತ್ತಿದ್ದರು. ಒಂದು ಕಡೆ ಅಕ್ಕ-ತಂಗಿ, ಇನ್ನೊಂದು ಕಡೆ ಅತ್ತಿಗೆ-ನಾದಿನಿ. “ಬೀದಿಗೊಂದು ಸಂಬಂಧ” ಎನ್ನುತ್ತಾರೆ ಡ್ರೈವರಮ್ಮ. “ಒಂದು ಸಲ ಮರೆತು, ಇವಳು ನನ್ನ ಸೊಸೆ ಅಂದ್ಬಿಟ್ಟೆ. ಮಗ ಎಲ್ಲಿ ಅಂದ್ರು. ಅಲ್ಲಿಂದಲೂ ಗಂಟು ಕಟ್ಟಿದ್ವಿ.” ಅಕ್ಕನ ತಂದೆ ಮಗಳ ಮುಖ ನೋಡುವುದನ್ನು ಬಿಟ್ಟರು, ಸಾಯುವವರೆಗೂ ನೋಡಲಿಲ್ಲ. ಒಡಹುಟ್ಟಿದ ಹಿರಿಯಕ್ಕ ಮಾತ್ರ ಬಂದು ಹೋಗುತ್ತಿದ್ದರು, ಪ್ರತಿ ಸಲವೂ ಏನಾದರೊಂದು ತಪ್ಪು ಹುಡುಕಿಕೊಂಡು. ಈ ಮಾತನ್ನು ಹೇಳುವಾಗ ಅಕ್ಕ ಪೆಟ್ಟಿಗೆಯನ್ನು ಎತ್ತಿ ನಿಲ್ಲಿಸುತ್ತಾರೆ. ಬಟ್ಟೆ ಸುಡಬಾರದಲ್ಲ.

ಡ್ರೈವರಮ್ಮ ಚರ್ಚಿಗೆ ಬಂದದ್ದು ಭಕ್ತಿಯಿಂದಲ್ಲ. “ವಾರಪೂರ್ತಿ ಕುಲುಕಾಡಿ ಸಾಕಾಗಿತ್ತು. ಅಲುಗಾಡದ ಸೀಟಲ್ಲಿ ಒಂದು ಗಂಟೆ ಕೂರಬಹುದು ಅಂತ ಬಂದೆ. ಆಮೇಲೆ ಹಾಡು ಹಿಡಿಸ್ತು.” ದಂಪತಿಗಳು ಕೈ ಹಿಡಿದು ಮುಂದೆ ಹೋಗುವುದನ್ನು ನೋಡಿ ಅವರಿಗೂ ಆಸೆಯಾಯಿತು. ಹೋಗುವ ಹಾಗಿಲ್ಲವೆಂದು ಅಕ್ಕನಿಗೆ ಗೊತ್ತಿತ್ತು. ಡ್ರೈವರಮ್ಮನಿಗೆ ಒಳದಾರಿಗಳು ಗೊತ್ತಿದ್ದವು. ಮನೆ ಮಾಡಿದ ತಿಂಗಳು ಬಂದಾಗ ಅಕ್ಕನ ಕೈ ಹಿಡಿದುಕೊಂಡು ಹುಟ್ಟುಹಬ್ಬದ ಸಾಲಿನಲ್ಲಿ ಹೋಗಿ ನಿಂತೇಬಿಟ್ಟರು.

“ಇಬ್ಬರೂ ಒಂದೇ ದಿನ ಹುಟ್ಟಿದ್ರಾ?” ಎಂದರು ಆಗಿನ ಪಾದ್ರಿಗಳು.

“ಹೌದು ಅಯ್ಯನವರೇ” ಎಂದರು ಡ್ರೈವರಮ್ಮ, ಕೆಂಪು ದೀಪ ದಾಟಿದವರ ಮುಖದಲ್ಲಿ.

ಮುದಿ ಪಾದ್ರಿಗಳು ಕನ್ನಡಕದ ಮೇಲಿನಿಂದ ಒಮ್ಮೆ ಇವರನ್ನು, ಒಮ್ಮೆ ಅವರನ್ನು ನೋಡಿದರು. “ಹಾಗಾದ್ರೆ ಹತ್ತಿರ ನಿಂತ್ಕೊಳ್ಳಿ. ಒಂದೇ ಪ್ರಾರ್ಥನೆ ಮಾಡ್ತೀನಿ” ಎಂದರು. ತಿಳಿದೇ ಹಾಗಂದರೋ, ಊಟಕ್ಕೆ ಹೊತ್ತಾಯಿತೆಂದು ಅಂದರೋ, ಕೇಳೋಣವೆಂದರೆ ಈಗ ಅವರಿಲ್ಲ. ಅವರು ಇರುವವರೆಗೆ ವರ್ಷವರ್ಷವೂ ಒಂದೇ ಪ್ರಾರ್ಥನೆ, ಇಬ್ಬರ ತಲೆಯ ಮೇಲೂ ಒಂದೊಂದು ಕೈ.

ಹೋದ ವರ್ಷ ಮಹಿಳಾ ಸಂಘದವರಿಗೆ ಪ್ರೀತಿ ಉಕ್ಕಿತು. ಒಂದೇ ದಿನ ಹುಟ್ಟಿದವರಿಗೆ ಒಂದೇ ಸಲ ಅರವತ್ತು ತುಂಬುತ್ತದೆಂದು ಅವರೇ ಲೆಕ್ಕ ಹಾಕಿದರು. ನಿಜಕ್ಕೂ ಡ್ರೈವರಮ್ಮನಿಗೆ ಅರವತ್ನಾಲ್ಕು, ಅಕ್ಕನಿಗೆ ಐವತ್ತಾರು. “ನನಗೆ ನಾಲ್ಕು ಕೂಡಿಸಿದ್ರು, ಇವಳಿಗೆ ನಾಲ್ಕು ಕಳೆದ್ರು” ಎನ್ನುತ್ತಾರೆ ಅಕ್ಕ. “ಸುದ್ದಿ ಕೇಳಿದ ದಿನವೇ ಇವಳು ಕೂದಲಿಗೆ ಬಣ್ಣ ಹಚ್ಚಿದ್ಲು, ನನಗೆ ಸೊಂಟ ಹಿಡೀತು.” ಬೇಡವೆಂದರೆ ಯಾಕೆ ಎನ್ನುತ್ತಾರೆ. ಇಬ್ಬರೂ ಹೂಂ ಎಂದರು.

ಕೇಕು ಬಂತು, ಅದರ ಮೇಲೆ ಸಕ್ಕರೆಯಲ್ಲಿ ಬರೆದ ಅರವತ್ತೂ ಬಂತು. ಅಚ್ಚರಿ ಇರಲೆಂದು ಸಂಘದವರು ಅಕ್ಕನ ಒಡಹುಟ್ಟಿದ ಹಿರಿಯಕ್ಕನನ್ನೂ ಕರೆಸಿದ್ದರು. ಆಕೆಗೆ ಕಿವಿ ಮಂದ, ಹಾಗಾಗಿ ದನಿ ದೊಡ್ಡದು. ತುಂಬಿದ ಸಭೆಯಲ್ಲಿ ಎದ್ದು ನಿಂತರು.

“ಯಾರಿಗೆ ಅರವತ್ತು? ನನಗೇ ಇನ್ನೂ ಅರವತ್ತಾಗಿಲ್ಲ. ಇವಳು ನನಗಿಂತ ಚಿಕ್ಕೋಳು. ಅದೂ ಅಲ್ದೆ ಇವಳು ಹುಟ್ಟಿದ್ದು ಕೊರೆಯೋ ಚಳೀಲಿ. ನನ್ನ ಕಂಬಳಿ ಕಿತ್ಕೊಂಡು ಇವಳಿಗೆ ಸುತ್ತಿದ್ರು. ನಾನಿನ್ನೂ ಮರೆತಿಲ್ಲ.”

ಹೊಸ ಪಾದ್ರಿಗಳು ವಯಸ್ಸಿನಲ್ಲಿ ಚಿಕ್ಕವರು, ಎಲ್ಲವೂ ಸರಿಯಾಗಿ ನಡೆಯಬೇಕೆನ್ನುವವರು. “ಹಾಗಾದ್ರೆ ಈ ದಿನ ಯಾವುದು?” ಎಂದು ಕೇಳಿದರು. ಎಲ್ಲದಕ್ಕೂ ಉತ್ತರವಿದ್ದ ಡ್ರೈವರಮ್ಮ ಕೇಕಿನ ಮೇಲಿನ ಅರವತ್ತನ್ನೇ ನೋಡಿದರು. ಆಮೆನ್ ಬಿಟ್ಟು ಚರ್ಚಿನಲ್ಲಿ ಬೇರೆ ಮಾತಾಡದ ಅಕ್ಕನೇ ಹೇಳಿದರು. “ನಾವಿಬ್ಬರೂ ಮನೆ ಮಾಡಿದ ದಿನ ಅಯ್ಯನವರೇ. ನೀವು ಅದನ್ನ ಮದುವೆ ಅನ್ನಲ್ಲ. ನಾವು ಹಾಗೇ ಅಂದ್ಕೊಂಡಿದ್ದೀವಿ.”

ಹಾಡುವವರ ಬೆಂಚಿನಿಂದ ದಪ್ಪ ದನಿಯ ತಾತ ನಿಧಾನವಾಗಿ, “ಹಾಗಾದ್ರೆ ಇಷ್ಟು ವರ್ಷ ತಪ್ಪು ಸಾಲಲ್ಲಿ ನಿಂತಿದ್ರಲ್ಲಮ್ಮ” ಎಂದರು.

ಕೇಕು ಮಾತ್ರ ಒಂದು ಚೂರೂ ಉಳಿಯಲಿಲ್ಲ. ಮುಖ ಊದಿಸಿಕೊಂಡವರೂ ಎರಡೆರಡು ತುಂಡು ತೆಗೆದುಕೊಂಡರು. ಆಮೇಲೆ ಕಮಿಟಿ ಕೂತು ತೀರ್ಮಾನಿಸಿತು: ಬಟ್ಟೆಯ ಕೆಲಸ ಮಾಡಿಕೊಂಡಿರಲಿ, ಮುಂದೆ ಬರುವುದಾದರೆ ನಿಜವಾಗಿ ಹುಟ್ಟಿದ ತಿಂಗಳಲ್ಲಿ, ಒಬ್ಬೊಬ್ಬರಾಗಿ ಬರಲಿ. ಇಬ್ಬರೂ ಹೋಗಲಿಲ್ಲ. “ಒಬ್ಬಳೇ ನಿಂತ್ಕೊಂಡ್ರೆ, ಕೊನೇ ಬಸ್ ತಪ್ಪಿಸ್ಕೊಂಡ ಹಾಗಿರುತ್ತೆ” ಎಂದರು ಡ್ರೈವರಮ್ಮ. ಇಸ್ತ್ರಿ ಒಂದು ವಾರವೂ ತಪ್ಪಲಿಲ್ಲ. ಕೋಪ ಬರಲಿಲ್ಲವೇ ಎಂದರೆ ಅಕ್ಕ, “ಬಂತು. ಬಟ್ಟೆ ಏನು ತಪ್ಪು ಮಾಡಿತ್ತು?” ಎನ್ನುತ್ತಾರೆ. “ಆದ್ರೆ ಒಂದ್ಸಲ ನಿಜ ಹೇಳಿದ ಮೇಲೆ, ಮತ್ತೆ ಸುಳ್ಳಿನ ಸಾಲಿಗೆ ಕಾಲು ಹೋಗಲ್ಲ ನೋಡಿ.”

ಗಂಟೆ ಹೊಡೆಯುತ್ತದೆ. ಹಾಡು, ಪ್ರಸಂಗ, ಮತ್ತೆ ಹಾಡು. ಹುಟ್ಟುಹಬ್ಬದವರು ಬಂದು ಹೋಗುತ್ತಾರೆ. “ಈಗ ದಂಪತಿಗಳು” ಎನ್ನುತ್ತಾರೆ ಪಾದ್ರಿಗಳು. ದಪ್ಪ ದನಿಯ ತಾತ ಹೆಂಡತಿಯೊಡನೆ ಏಳುತ್ತಾರೆ, ಹಿಂದೆಯೇ ಹೊಸದಾಗಿ ಮದುವೆಯಾದ ಒಂದು ಜೋಡಿ. ಅಕ್ಕ, ಡ್ರೈವರಮ್ಮ ಕೂತ ಕೊನೆಯ ಬೆಂಚಿನಲ್ಲಿ ಯಾರೂ ಏಳುವುದಿಲ್ಲ. ಜನ ತಿರುಗಿ ನೋಡುತ್ತಾರೆ. ತುಂಬಾ ಹೊತ್ತಾದ ಮೇಲೆ ಅಕ್ಕ, ಆಮೇಲೆ ಅಕ್ಕನ ಭುಜ ಹಿಡಿದು ಡ್ರೈವರಮ್ಮ ಎದ್ದು ನಡೆದು ಬರುತ್ತಾರೆ.

ಒಂದು ಕುಟುಂಬ ಎದ್ದು ಹೊರಗೆ ಹೋಗುತ್ತದೆ. ಮರೆತ ಛತ್ರಿಗಾಗಿ ವಾಪಸು ಬಂದು, ಮುಂದೇನಾಗುತ್ತದೋ ನೋಡೋಣವೆಂದು ಬಾಗಿಲ ಬಳಿಯೇ ನಿಲ್ಲುತ್ತದೆ.

“ಸ್ವಲ್ಪ ಸರಿ” ಎಂದು ತಾತ ಹೆಂಡತಿಗೆ ಹೇಳುತ್ತಾರೆ.

“ಎಲ್ಲಿಗೆ ಸರೀಲಿ? ಮದುವೆ ಆದಾಗಿಂದ ಸರೀತಾನೇ ಇದ್ದೀನಿ” ಎನ್ನುತ್ತಾ ಆಕೆ ಜಾಗ ಬಿಡುತ್ತಾರೆ.

ಪಾದ್ರಿಗಳ ಕಿವಿ ಕೆಂಪಾಗಿದೆ. ಬಗ್ಗಿ ಮೆಲ್ಲಗೆ ಹೇಳುತ್ತಾರೆ, “ಅಕ್ಕಾ, ಬಿಷಪ್ಪರ ಅಪ್ಪಣೆ ಇಲ್ಲ. ಜೋಡಿ ಅಂತ ನಿಮ್ಮ ಮೇಲೆ ಕೈಯಿಡೋ ಹಾಗಿಲ್ಲ.”

“ಗೊತ್ತು ಅಯ್ಯನವರೇ. ನಿಂತ್ಕೊಳ್ಳೋಕೆ ಬಂದ್ವಿ. ನೀವು ಉಳಿದವರಿಗೆ ಮಾಡಿ.”

ಅವರು ಉಳಿದವರಿಗೆ ಪ್ರಾರ್ಥಿಸುತ್ತಾರೆ. ಇವರ ಮುಂದೆ ಬಂದಾಗ ಕಾಲು ಮುಂದಕ್ಕೂ ಹೋಗುವುದಿಲ್ಲ, ಹಿಂದಕ್ಕೂ ಬರುವುದಿಲ್ಲ. ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಒಮ್ಮೆ ಕಟ್ಟುತ್ತಾರೆ, ಒಮ್ಮೆ ಬಿಡುತ್ತಾರೆ. ಕಡೆಗೆ, “ಮನೆಗೆ ಪ್ರಾರ್ಥನೆ ಮಾಡಬಹುದು. ಅದಕ್ಕೆ ಯಾರ ಅಪ್ಪಣೆಯೂ ಬೇಡ” ಎಂದು ಕಣ್ಣು ಮುಚ್ಚುತ್ತಾರೆ. ಇವರ ಮನೆಯ ಬಾಗಿಲನ್ನು ಕಾಯು ಕರ್ತನೇ, ಛಾವಣಿಯನ್ನು ಕಾಯು, ಒಲೆಯನ್ನು ಕಾಯು, ನೀರನ್ನು ಕಾಯು.

“ನಲ್ಲಿ ಸೋರುತ್ತೆ ಅಯ್ಯನವರೇ” ಎನ್ನುತ್ತಾರೆ ಡ್ರೈವರಮ್ಮ. “ಅದನ್ನೂ ಸೇರಿಸಿ.”

ಪಾದ್ರಿಗಳು ಕಣ್ಣು ತೆರೆಯದೆ ನಲ್ಲಿಯನ್ನೂ ಸೇರಿಸುತ್ತಾರೆ. ಮುಂದಿನ ಬೆಂಚುಗಳಿಂದ ಆಮೆನ್ ಜೋರಾಗಿಯೇ ಬರುತ್ತದೆ. ಹಿಂದಿನ ಬೆಂಚುಗಳಲ್ಲಿ ಕೆಲವು ಬಾಯಿ ತೆರೆಯುವುದೇ ಇಲ್ಲ.

ಎಲ್ಲರೂ ಹೋದ ಮೇಲೆ ಅಕ್ಕ ಬೆವರಿದ ನಿಲುವಂಗಿಗಳನ್ನು ಒಂದೊಂದಾಗಿ ಜೇಬು ತಡಕಿ ಬುಟ್ಟಿಗೆ ಹಾಕುತ್ತಿದ್ದಾರೆ. ಸಮಾಧಾನವಾಯಿತೇ ಎಂದು ಕೇಳಿದರೆ ಬೆರಳು ಮಡಚಿ ಎಣಿಸುತ್ತಾರೆ.

“ಬಾಗಿಲಿಗಾಯ್ತು, ಛಾವಣಿಗಾಯ್ತು, ನಲ್ಲಿಗೂ ಆಯ್ತು. ಒಳಗಿರೋ ಇಬ್ಬರಿಗೆ ಇನ್ನೂ ಆಗಿಲ್ಲ. ನಾವೇನು, ಎಲ್ಲಿಗೂ ಹೋಗಲ್ಲ.” ಇನ್ನೊಂದು ಜೇಬು ತಡಕಿ ಮುಂದುವರಿಸುತ್ತಾರೆ. “ಮುಂದಿನ ವರ್ಷಕ್ಕೆ ಬೆಂಚಿನ ತುದೀಲಿ ಜಾಗ ಕೊಡಿ ಅಂತ ಕೇಳ್ಬೇಕು. ಇವತ್ತು ಇವಳ ಮಂಡಿ ಹಿಡ್ಕೊಂಡು ಏಳೋದು ತಡವಾಯ್ತು. ಜನ ಸುಮ್ಮನೆ, ನಾವು ಹೆದರಿದ್ವಿ ಅಂದ್ಕೊಂಡಿರ್ತಾರೆ.”